ಗುಂಡಿ ಮೊದಲು, ಸಸಿ ಆಮೇಲೆ

ನಮ್ಮ ಹುಕ್ಕೇರಿಗೆ ಹಿಂದೆ ಹೂವಿನಕೇರಿ ಎಂಬ ಹೆಸರಿತ್ತೆಂದು ಹಿರಿಯರು ಹೇಳುತ್ತಾರೆ. ಇಲ್ಲಿ ಗುಲಾಬಿ ಧಾರಾಳವಾಗಿ ಬೆಳೆಯುತ್ತಿತ್ತು, ಆ ಹೂವು ಬಿಜಾಪುರದ ಆದಿಲ್‌ಶಾಹಿ ಅರಮನೆಗೆ ಹೋಗುತ್ತಿತ್ತು, ಹೂವಿನಕೇರಿ ಎಂಬುದೇ ಜನರ ಬಾಯಲ್ಲಿ ಸವೆದು ಹುಕ್ಕೇರಿಯಾಯಿತು ಎಂಬ ಮಾತು ಊರಲ್ಲಿ ಇಂದಿಗೂ ಇದೆ. ಆದಿಲ್‌ಶಾಹಿ ಕಾಲದ ಗುಮ್ಮಟಗಳು ಇನ್ನೂ ನಿಂತಿವೆ. ಹೊರಗಿನಿಂದ ಬಂದ ನೆಂಟರು ಗುಮ್ಮಟ ನೋಡಿ, ಫೋಟೊ ತೆಗೆಸಿಕೊಂಡು, “ಗುಲಾಬಿ ತೋಟ ಎಲ್ಲೈತ್ರೀ?” ಎಂದು ಕೇಳುತ್ತಾರೆ. ತೋರಿಸಲು ನಮ್ಮ ಬಳಿ ಏನೂ ಇಲ್ಲ. ಊರು ದಾಟಿದರೆ ಕಾಣುವುದು ಕಬ್ಬು. ಮದುವೆಯ ಸೆಹ್ರಾಕ್ಕೆ ಬೇಕಾದ ಗುಲಾಬಿಯನ್ನು ನಾವು ಬೆಳಗಾವಿಯ ಪೇಟೆಯಿಂದ ತರಿಸುತ್ತೇವೆ.

ನಮ್ಮ ಜನರ ಅಡ್ಡಹೆಸರುಗಳನ್ನೇ ನೋಡಿ. ಬಾಗವಾನ ಎಂದರೆ ಫಾರಸಿಯಲ್ಲಿ ತೋಟದವನು, ತೋಟ ಕಾಯುವವನು. ಅತ್ತಾರ ಎಂದರೆ ಅತ್ತರು ಮಾಡುವವನು, ಮಾರುವವನು. ತಾಂಬೋಲಿ ಎಂದರೆ ವೀಳ್ಯದೆಲೆಯವನು. ಹುಕ್ಕೇರಿ, ಸಂಕೇಶ್ವರ, ಗೋಕಾಕದ ಓಣಿಗಳಲ್ಲಿ ಈ ಮನೆತನಗಳು ಇಂದಿಗೂ ಇವೆ. ಆದರೆ ಇಂದಿನ ಬಾಗವಾನರು ಕೈಗಾಡಿಯ ಮೇಲೆ ಕಾಶ್ಮೀರದ ಸೇಬು, ವಿಜಯಪುರದ ದ್ರಾಕ್ಷಿ ಇಟ್ಟುಕೊಂಡು ಮಾರುತ್ತಾರೆ. ಹೆಸರಿನಲ್ಲಿ ತೋಟ ಉಳಿದಿದೆ, ಕೈಗೆ ತಕ್ಕಡಿ ಬಂದಿದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಹೊಟ್ಟೆಪಾಡು ಎಲ್ಲಿಗೆ ಕರೆಯುತ್ತದೋ ಮನುಷ್ಯ ಅಲ್ಲಿಗೆ ಹೋಗುತ್ತಾನೆ. ಆದರೆ ಗಿಡ ನೆಟ್ಟು ಬದುಕಿಸುವ ವಿದ್ಯೆ ಇದೆಯಲ್ಲ, ಅದು ನಮ್ಮಲ್ಲಿ ಒಂದೆರಡು ತಲೆಮಾರಿನಲ್ಲೇ ಕಳೆದುಹೋಯಿತು. ಕಳೆದುಕೊಂಡವರಲ್ಲಿ ನಾನೂ ಒಬ್ಬ. ಆ ಕಥೆಯನ್ನೇ ಮೊದಲು ಹೇಳುತ್ತೇನೆ.

ಠರಾವು ಬರೆದ ಕೈ

ಅದು 2008ನೇ ಇಸವಿ. ನಮ್ಮ ಮೊಹಲ್ಲಾದ ಮಸೀದಿಯ ಅಂಗಳದಲ್ಲಿ ಒಂದು ದೊಡ್ಡ ಬೇವಿನ ಮರವಿತ್ತು. ಯಾರು ನೆಟ್ಟದ್ದೋ ಯಾರಿಗೂ ತಿಳಿಯದು. ಬೇಸಿಗೆಯ ಜುಮಾ ದಿನ ಒಳಗೆ ಜಾಗ ಸಿಗದವರೆಲ್ಲ ಅದರ ನೆರಳಿನಲ್ಲೇ ನಮಾಝ್ ಮಾಡುತ್ತಿದ್ದರು. ಅದೇ ವರ್ಷ ಅಂಗಳಕ್ಕೆ ಫರಸಿ ಹಾಕುವ ಮಾತು ಬಂತು. ಮರದ ಮೇಲೆ ದೂರುಗಳ ಪಟ್ಟಿಯೇ ತಯಾರಾಯಿತು. ಎಲೆ ಬೀಳುತ್ತದೆ, ಕಾಗೆ ಹೊಲಸು ಮಾಡುತ್ತವೆ, ಬೇರು ಹೌಜ್‌ನ ಗೋಡೆಯನ್ನು ಸೀಳುತ್ತಿದೆ. ಕಮಿಟಿ ಕೂಡಿತು. ನಾನು ಮದ್ರಸಾದಲ್ಲಿ ಪಾಠ ಹೇಳಲು ಸೇರಿ ಹೆಚ್ಚು ದಿನ ಆಗಿರಲಿಲ್ಲ. ಆದರೆ ಅವರಲ್ಲಿ ಬಿ.ಎ. ಓದಿ ಕನ್ನಡ ಚೆನ್ನಾಗಿ ಬರೆಯಬಲ್ಲವನು ನಾನೊಬ್ಬನೇ ಎಂದು ಠರಾವು ಪುಸ್ತಕ ನನ್ನ ಕೈಗೆ ಕೊಟ್ಟಿದ್ದರು. ಮರ ತೆಗೆಯುವುದೆಂದು ನಾನೇ ಬರೆದೆ, ಸುಂದರವಾದ ಅಕ್ಷರದಲ್ಲಿ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬ ಕಾನೂನು ನಮ್ಮ ರಾಜ್ಯದಲ್ಲಿ 1976ರಿಂದಲೇ ಇದೆ. ಆ ಮಾತನ್ನು ಅಂದು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಎರಡು ದಿನದಲ್ಲಿ ಮರ ಹೋಯಿತು. ಕಟ್ಟಿಗೆ ಮಾರಿದ ಹಣ ಫರಸಿಗೆ ಸೇರಿತು. ಮುಂದಿನ ಏಪ್ರಿಲ್‌ನ ಒಂದು ಜುಮಾ ದಿನ, ಆ ಫರಸಿಯ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗದೆ ಜನ ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತಿದ್ದರು. ನಮ್ಮ ಓಣಿಯ ಬಾಗವಾನ ಚಾಚಾ ಒಬ್ಬರಿದ್ದರು, ಎಂಬತ್ತರ ಹತ್ತಿರದ ವಯಸ್ಸು. ಅವರು ಮರವಿದ್ದ ಜಾಗದಲ್ಲೇ ಸ್ವಲ್ಪ ಹೊತ್ತು ನಿಂತು, ನನ್ನ ಕಡೆ ತಿರುಗಿ, “ಹಜರತ್, ನೆರಳು ಮಾರಿ ಫರಸಿ ತಗೊಂಡ್ರಿ ನೋಡ್ರಿ” ಎಂದರು. ಜಗಳದ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಆ ಮಾತಿನ ಭಾರ ಇಳಿಸಿಕೊಳ್ಳಲು 2009ರ ಜೂನ್ 5ರಂದು, ವಿಶ್ವ ಪರಿಸರ ದಿನ ಎಂದು, ಮದ್ರಸಾದ ಮಕ್ಕಳನ್ನು ಕರೆದುಕೊಂಡು ಖಬರಸ್ತಾನಕ್ಕೆ ಹೋದೆ. ನಲ್ವತ್ತು ಸಸಿ ತರಿಸಿದ್ದೆವು. ಒಬ್ಬ ಹುಡುಗ ಗುದ್ದಲಿಯಿಂದ ಗೇಣುದ್ದ ತೋಡುವುದು, ಇನ್ನೊಬ್ಬ ಸಸಿ ಇಡುವುದು, ಮತ್ತೊಬ್ಬ ಮಣ್ಣು ಎಳೆಯುವುದು. ಒಂದೂವರೆ ತಾಸಿನಲ್ಲಿ ನಲ್ವತ್ತೂ ಮುಗಿದವು. ದುಆ ಮಾಡಿದೆವು, ಬಿಸ್ಕತ್ತು ಹಂಚಿದೆವು. ಮರುವರ್ಷ ಮಾರ್ಚ್‌ನಲ್ಲಿ ಎಣಿಸಿದಾಗ ಉಳಿದಿದ್ದವು ಮೂರು.

ಚಾಚಾರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಒಣಗಿದ ಒಂದು ಗಿಡವನ್ನು ಹಿಡಿದು ಎಳೆದರು. ಹುಲ್ಲುಕಡ್ಡಿ ಕಿತ್ತಂತೆ ಬಂತು. ಬೇರು, ಪ್ಲಾಸ್ಟಿಕ್ ಚೀಲದಲ್ಲಿ ಹೇಗಿತ್ತೋ ಹಾಗೆಯೇ ಸುತ್ತಿಕೊಂಡು ಸಿಂಬಿಯಂತೆ ಕುಳಿತಿತ್ತು. ಒಂದು ಎಳೆಯೂ ಮಣ್ಣಿನೊಳಗೆ ಹೋಗಿರಲಿಲ್ಲ. ಒಂದೆರಡು ಗಿಡಗಳಿಗೆ ಚೀಲವನ್ನೂ ಬಿಚ್ಚಿರಲಿಲ್ಲ. “ಇವು ನೀರಿಲ್ಲದ ಸತ್ತಿಲ್ಲ, ಉಸಿರು ಕಟ್ಟಿ ಸತ್ತಾವು. ನೀವು ಗಿಡಾ ಹಚ್ಚಿಲ್ಲ, ಹೂಳಿ ಬಂದೀರಿ” ಎಂದರು. ಖಬರಸ್ತಾನದಲ್ಲಿ ನಿಂತು ಕೇಳಿದ ಮಾತು ಅದು.

ಸಲ್ಮಾನ್(ರ) ಅವರ ಮುನ್ನೂರು ಖರ್ಜೂರ

ಆ ರಾತ್ರಿ ನನಗೆ ನೆನಪಾದದ್ದು ನಾನೇ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದ ಸಲ್ಮಾನ್ ಫಾರಿಸಿ(ರ) ಅವರ ಕಥೆ. ಓದುಗರಿಗೂ ಗೊತ್ತಿರುವುದೇ. ಸತ್ಯವನ್ನು ಹುಡುಕುತ್ತ ಪರ್ಷಿಯಾದಿಂದ ಹೊರಟ ಅವರು ಮಾರಾಟವಾಗಿ ಮದೀನದ ಒಬ್ಬ ಧಣಿಯ ಗುಲಾಮರಾದರು. ಬಿಡುಗಡೆಗೆ ಧಣಿ ಇಟ್ಟ ಬೆಲೆ ನಲ್ವತ್ತು ಊಕಿಯಾ ಚಿನ್ನ ಮತ್ತು ಮುನ್ನೂರು ಖರ್ಜೂರದ ಗಿಡ. ಪ್ರವಾದಿ(ಸ) ತಮ್ಮ ಸಂಗಾತಿಗಳಿಗೆ ಸಹೋದರನಿಗೆ ನೆರವಾಗಿರೆಂದರು. ಒಬ್ಬರು ಮೂವತ್ತು ಸಸಿ ತಂದರು, ಒಬ್ಬರು ಇಪ್ಪತ್ತು, ಇನ್ನೊಬ್ಬರು ಹತ್ತು. ಹೀಗೆ ಮುನ್ನೂರು ಕೂಡಿದವು. ಸಸಿಗಳನ್ನು ಪ್ರವಾದಿ(ಸ) ತಮ್ಮ ಕೈಯಿಂದಲೇ ನೆಟ್ಟರು. ಒಂದು ಗಿಡವೂ ಸಾಯಲಿಲ್ಲವೆಂದು ಸಲ್ಮಾನ್(ರ) ಆಣೆ ಮಾಡಿ ಹೇಳುತ್ತಾರೆ. ಇದು ಮುಸ್ನದ್ ಅಹ್ಮದ್‌ನಲ್ಲಿದೆ.

ಈ ಕಥೆಯಲ್ಲಿ ನಾನು ಯಾವಾಗಲೂ ಹೇಳುತ್ತಿದ್ದದ್ದು ಪ್ರವಾದಿಯವರ(ಸ) ಕರುಣೆ, ಸಹಾಬಾಗಳ ಸಹಕಾರ, ಗುಲಾಮನ ಬಿಡುಗಡೆ. ಅದೇ ವರದಿಯ ನಡುವೆ ಇನ್ನೊಂದು ಸಂಗತಿಯಿದೆ. ಸಸಿಗಳು ಕೂಡಿದ ಮೇಲೆ ಪ್ರವಾದಿ(ಸ) ಸಲ್ಮಾನ್‌ರಿಗೆ(ರ) ಮೊದಲು ಹೋಗಿ ಗುಂಡಿಗಳನ್ನು ತೋಡಲು ಹೇಳಿದರು. ಗುಂಡಿ ಪೂರ್ತಿಯಾದಾಗ ತಮಗೆ ತಿಳಿಸಬೇಕು, ಆಗ ಬಂದು ನೆಡುವೆನೆಂದರು. ಸಲ್ಮಾನ್(ರ) ತೋಡಿದರು, ಸಂಗಾತಿಗಳು ಜೊತೆಗೂಡಿದರು. ಮುನ್ನೂರು ಗುಂಡಿ! ಗುಂಡಿ ಮೊದಲು, ಸಸಿ ಆಮೇಲೆ. ಪಾಠ ಹೇಳುವಾಗ ಈ ಭಾಗವನ್ನು ನಾನು ಬೇಗ ಬೇಗ ದಾಟಿಬಿಡುತ್ತಿದ್ದೆ. ಬರಕತ್ತಿನ ಮಾತು ನಾಲಿಗೆಗೆ ಹಗುರ, ಗುದ್ದಲಿಯ ಮಾತು ಭಾರ.

2010ರ ಮೇ ತಿಂಗಳಲ್ಲಿ, ಮಳೆಗೆ ಇನ್ನೂ ಒಂದು ತಿಂಗಳಿರುವಾಗಲೇ ಚಾಚಾರ ಕಣ್ಣೆದುರು ಗುಂಡಿ ತೋಡಿದೆವು. ನಲ್ವತ್ತಲ್ಲ, ಇಪ್ಪತ್ತನಾಲ್ಕೇ. ಎಷ್ಟು ಗಿಡಕ್ಕೆ ನೀರು ಹೊರಬಲ್ಲೆವೋ ಅಷ್ಟೇ ಸಾಕೆಂದು ಅವರ ಹಟ. ಉದ್ದ, ಅಗಲ, ಆಳ ಮೂರೂ ಎರಡೆರಡು ಅಡಿ. ಮಾವಿಗಾದರೆ ಮೂರು ಮೂರು ಅಡಿ. ಮೇಲಿನ ಅರ್ಧದ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಗುಂಡಿಯನ್ನು ಎರಡು ಮೂರು ವಾರ ಬಿಸಿಲಿಗೆ ಬಿಟ್ಟರೆ ಹುಳ, ರೋಗದ ಬೀಜ ಸಾಯುತ್ತವೆ. ತುಂಬುವಾಗ ಮೇಲಿನ ಒಳ್ಳೆಯ ಮಣ್ಣಿಗೆ ಕಳಿತ ತಿಪ್ಪೆಗೊಬ್ಬರ ಎರಡು ಬುಟ್ಟಿ, ಗೆದ್ದಲಿನ ಕಾಟವಿದ್ದಲ್ಲಿ ಬೇವಿನ ಹಿಂಡಿ ಒಂದೆರಡು ಹಿಡಿ ಸೇರಿಸಿ ಕೆಳಗೆ ಹಾಕುವುದು. ಕೆಳಗಿನ ಬಿಳಿಮಣ್ಣು ಮೇಲಕ್ಕೆ ಬಂದು ಪಾತಿಯ ಅಂಚಾಗುತ್ತದೆ. ಹಸಿ ಗೊಬ್ಬರ ಹಾಕಿದರೆ ಗೆದ್ದಲಿಗೆ ದಾವತ್ ಕೊಟ್ಟಂತೆ.

ನಮ್ಮ ಸೀಮೆಯಲ್ಲಿ ಎರೆ ಮತ್ತು ಮಸಾರಿ ಎರಡೂ ಇವೆ. ಎರಡಕ್ಕೂ ಒಂದೇ ಲೆಕ್ಕ ನಡೆಯದು. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಗುಂಡಿ ಬಾವಿಯಾಗಿ ಬೇರು ಕೊಳೆಯುತ್ತದೆ. ಅಲ್ಲಿ ಗುಂಡಿಯನ್ನು ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರಕ್ಕೇ ತುಂಬಿ ದಿಬ್ಬದ ಮೇಲೆ ಸಸಿ ಇಡಬೇಕು. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ಎಳೆಬೇರು ಹರಿಯುವುದರಿಂದ ಬಿರುಕನ್ನು ಮಣ್ಣಿನಿಂದ ಮುಚ್ಚಬೇಕು. ಮಸಾರಿಯಲ್ಲಿ ಇದಕ್ಕೆ ವಿರುದ್ಧ. ನೀರು ಬಸಿದು ಹೋಗುವುದರಿಂದ ಗಿಡ ಸ್ವಲ್ಪ ತಗ್ಗಿನಲ್ಲಿ, ಸುತ್ತ ಬಟ್ಟಲಿನಂಥ ಪಾತಿಯಲ್ಲಿ ಇರಬೇಕು.

ಎರಡು ಒಳ್ಳೆಯ ಮಳೆಯಾಗಿ ನೆಲ ತೊಯ್ದ ಮೇಲೆ ನೆಟ್ಟೆವು. ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ತೆಗೆದು, ಸುತ್ತಿಕೊಂಡ ಬೇರಿನ ತುದಿಗಳನ್ನು ಕತ್ತರಿಸಿ ಇಡಬೇಕು. ಬೇರು ಕತ್ತರಿಸಲು ನನಗೆ ಕೈ ನಡುಗುತ್ತಿತ್ತು, ಚಾಚಾ ಬೈದರು. ಸಸಿ ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ, ಕಾಂಡಕ್ಕೆ ಮಣ್ಣು ಏರಿಸಬಾರದು. ಕಸಿ ಗಿಡವಾದರೆ ಕಸಿ ಕಟ್ಟಿದ ಗಂಟು ಮಣ್ಣಿನಿಂದ ಗೇಣಿನಷ್ಟಾದರೂ ಮೇಲಿರಬೇಕು. ಪಾತಿಗೆ ಕಬ್ಬಿನ ರವದಿ ಹೊದಿಸಿದೆವು. ಈ ರವದಿಯನ್ನು ನಮ್ಮ ರೈತರು ಕಟಾವಾದ ಕೂಡಲೇ ಬೆಂಕಿ ಹಚ್ಚಿ ಸುಡುತ್ತಾರೆ, ಚಳಿಗಾಲದ ಸಂಜೆಗಳಲ್ಲಿ ಊರ ತುಂಬ ಹೊಗೆ, ಬೂದಿ. ಅದನ್ನೇ ನಾಲ್ಕು ಬೆರಳು ದಪ್ಪ ಹರವಿದರೆ ನೆಲದ ತೇವ ಆರುವುದು ಎಷ್ಟೋ ತಡವಾಗುತ್ತದೆ, ಕೊಳೆತ ಮೇಲೆ ಗೊಬ್ಬರವೂ ಆಗುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬಾರದು.

ಬೇಲಿಗೆ ಜಾಲಿಮುಳ್ಳು. ಇದನ್ನು ಬಿಡುವಂತೆಯೇ ಇಲ್ಲ, ಏಕೆಂದರೆ ನಮ್ಮ ಮೊಹಲ್ಲಾಗಳಲ್ಲಿ ಬಕ್ರೀದ್‌ಗೆ ತಿಂಗಳಿರುವಾಗಲೇ ಮನೆಗೊಂದು ಆಡು ಬಂದಿರುತ್ತದೆ, ಅದಕ್ಕೆ ಮಕ್ಕಳ ಪ್ರೀತಿ ಬೇರೆ. 2009ರಲ್ಲಿ ಸತ್ತ ನಮ್ಮ ಸಸಿಗಳಲ್ಲಿ ಎಷ್ಟು ಕುರ್ಬಾನಿಯ ಆಡುಗಳ ಹೊಟ್ಟೆ ಸೇರಿದ್ದವೋ ಅಲ್ಲಾಹನೇ ಬಲ್ಲ!

ನೀರಿಗೆ ಚಾಚಾ ಹೇಳಿದ ಉಪಾಯ ಮಣ್ಣಿನ ಮಡಕೆ. ತಳಕ್ಕೆ ಸಣ್ಣ ತೂತು ಮಾಡಿ, ಹಳೆಯ ಬಟ್ಟೆಯ ಬತ್ತಿ ತುರುಕಿ, ಗಿಡದಿಂದ ಒಂದು ಮೊಳ ದೂರದಲ್ಲಿ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ ಮುಚ್ಚಳ ಇಡುವುದು. ನೀರು ನಿಧಾನವಾಗಿ ಬೇರಿನ ಹತ್ತಿರವೇ ಇಳಿಯುತ್ತದೆ. ಮೊದಲ ಬೇಸಿಗೆ ನಾಲ್ಕೈದು ದಿನಕ್ಕೊಮ್ಮೆ ತುಂಬಿದೆವು, ಎರಡನೆಯ ಬೇಸಿಗೆ ವಾರಕ್ಕೊಮ್ಮೆ, ಮೂರನೆಯದಕ್ಕೆ ಹದಿನೈದು ದಿನಕ್ಕೊಮ್ಮೆ. ಒಂದು ಗಿಡಕ್ಕೆ ಇಬ್ಬರು ಹುಡುಗರು. ರಜೆಗೆ ಊರಿಗೆ ಹೋಗುವವನು ಇನ್ನೊಬ್ಬನಿಗೆ ಒಪ್ಪಿಸಿಯೇ ಹೋಗಬೇಕು. 2013ರ ಮಳೆಗಾಲ ಬಂದಾಗ ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಗಿಡಗಳು ನಿಂತಿದ್ದವು.

ಯಾವ ಗಿಡ ಎಂಬುದನ್ನೂ ಹೇಳಿಬಿಡುತ್ತೇನೆ. ಖಬರಸ್ತಾನಕ್ಕೆ ಬೇವು, ಹೊಂಗೆ, ಅಂಚಿಗೆ ಹುಣಸೆ. ಆಲ, ಅರಳಿಯ ಬೇರು ಖಬರುಗಳನ್ನು ಎಬ್ಬಿಸುತ್ತದೆ, ಅಲ್ಲಿ ಬೇಡ. ಖಬರಿನ ಮೇಲೆಯೇ ನೆಡಬಾರದು, ದಾರಿಯ ಬದಿಗೆ, ಕಾಂಪೌಂಡಿನ ಬದಿಗೆ ನೆಟ್ಟರೆ ಸಾಕು. ಪ್ರವಾದಿ(ಸ) ಎರಡು ಖಬರುಗಳ ಮೇಲೆ ಹಸಿ ಖರ್ಜೂರದ ಟೊಂಗೆಯನ್ನು ಸೀಳಿ ಊರಿದ ಹದೀಸ್ ಬುಖಾರಿಯಲ್ಲಿದೆ. ಅದನ್ನು ಬೇರೆಯವರೂ ಮಾಡಬಹುದೇ ಎಂಬುದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದೆ, ಆ ಚರ್ಚೆಯನ್ನು ಇಲ್ಲಿ ಎಳೆಯುವುದಿಲ್ಲ. ಜನಾಝಾದೊಂದಿಗೆ ಬಂದವರಿಗೆ ನೆರಳಾಗುವುದರಲ್ಲಂತೂ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು. ಈಚಿನ ವರ್ಷಗಳಲ್ಲಿ ಬೇಗ ಬೆಳೆಯುತ್ತದೆಂದು ಕೊನೊಕಾರ್ಪಸ್ ಎಂಬ ಗಿಡವನ್ನು ಎಲ್ಲೆಡೆ ನೆಡುತ್ತಿದ್ದಾರೆ. ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಹಸಿರು ಕಂಡ ಮಾತ್ರಕ್ಕೆ ಮರುಳಾಗಬೇಡಿ.

ಕೇಳಿ ತಿಳಿಯಬೇಕಾದ ವಿದ್ಯೆ

ಗಿಡ ನೆಡುವುದರ ಪುಣ್ಯದ ಬಗ್ಗೆ ನಮ್ಮ ವೇದಿಕೆಗಳಲ್ಲಿ ಸಾಕಷ್ಟು ಹೇಳಲಾಗುತ್ತದೆ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾವುದು ತಿಂದರೂ ಅದು ಅವನ ಪಾಲಿಗೆ ಸದಕಾ ಎಂದು ಅನಸ್(ರ) ವರದಿ ಮಾಡಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಕೈಯಲ್ಲಿ ಸಸಿ ಇರುವಾಗ ಕಿಯಾಮತ್ ಬಂದರೂ ಸಾಧ್ಯವಾದರೆ ನೆಟ್ಟುಬಿಡಬೇಕೆಂಬ ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ. ಇವೆಲ್ಲ ಜುಮಾ ಖುತ್ಬಾಗಳಲ್ಲಿ ಕೇಳಿದವೇ. ಆದರೆ ಇನ್ನೊಂದು ಹದೀಸನ್ನು ಈ ಸಂದರ್ಭದಲ್ಲಿ ಹೇಳುವವರು ಕಡಿಮೆ. ಮದೀನದ ಜನ ಗಂಡು ಖರ್ಜೂರದ ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸೇರಿಸುತ್ತಿದ್ದರು. ಅದು ಬೇಕೇ ಎಂದು ಪ್ರವಾದಿ(ಸ) ಸಂಶಯ ತೋರಿದಾಗ ಅವರು ಬಿಟ್ಟುಬಿಟ್ಟರು. ಆ ವರ್ಷ ಫಸಲು ಕೆಟ್ಟಿತು. ಆಗ ಪ್ರವಾದಿ(ಸ), ಇಂಥ ಲೌಕಿಕ ಕೆಲಸಗಳನ್ನು ಅದನ್ನು ಮಾಡುವ ನೀವೇ ಹೆಚ್ಚು ಬಲ್ಲಿರಿ ಎಂಬರ್ಥದಲ್ಲಿ ಹೇಳಿದರು (ಮುಸ್ಲಿಮ್). ಅಂದರೆ ತೋಟದ ಮಾತನ್ನು ತೋಟದವನಲ್ಲಿ ಕೇಳಬೇಕು. ನಿಯ್ಯತ್ ಒಳ್ಳೆಯದಿದ್ದ ಮಾತ್ರಕ್ಕೆ ಸುತ್ತಿಕೊಂಡ ಬೇರು ಬಿಚ್ಚಿಕೊಳ್ಳುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ಇಬ್ನುಲ್ ಅವ್ವಾಮ್ ಎಂಬ ವಿದ್ವಾಂಸರು ಬರೆದ ‘ಕಿತಾಬುಲ್ ಫಿಲಾಹಾ’ದಲ್ಲಿ ಸುಮಾರು 585 ಸಸ್ಯಗಳ ವಿವರವಿದೆ. ಮಣ್ಣು, ಗೊಬ್ಬರ, ಕಸಿ, ಗಿಡದ ರೋಗ ಎಲ್ಲವೂ ಅದರಲ್ಲಿವೆ. ನಮ್ಮದೇ ನಾಡಿನಲ್ಲಿ ಹೈದರಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗನ್ನು ಟಿಪ್ಪು ಸುಲ್ತಾನ್ ಹೊರದೇಶಗಳಿಂದ ಗಿಡ ತರಿಸಿ ಬೆಳೆಸಿದರು. ಅಷ್ಟು ದೂರ ಹೋಗುವುದೇಕೆ, ಘಟಪ್ರಭಾದ ಹತ್ತಿರ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿದೆ. ಹುಕ್ಕೇರಿ, ಗೋಕಾಕ, ಮೂಡಲಗಿಯ ಜನರಿಗೆ ಅದು ಮನೆಬಾಗಿಲ ಸಂಸ್ಥೆ. ನಮ್ಮ ಮಕ್ಕಳಿಗೆ ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ಓದು ಇಲ್ಲವೆಂದು ತಿಳಿದ ತಂದೆತಾಯಿಯರು ಒಮ್ಮೆ ಆ ಕಡೆಯೂ ನೋಡಬಹುದು. ಹೆಣ್ಣುಮಕ್ಕಳಿಗಂತೂ ಬಹಳ ಒಪ್ಪುವ ವಿದ್ಯೆ ಎಂದು ನನ್ನ ಅಭಿಪ್ರಾಯ.

ಮರದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿಗೆ ನಾನು ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರು ಹೇಳುತ್ತೇನೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿ ಮಳೆ ಕಡಿಮೆಯ ಸೀಮೆ, ಕೊಳವೆಬಾವಿಯ ನೀರೂ ಸವಳು. ಅವರು ಮಾವು, ಚಿಕ್ಕು ಹಾಕಿ ನೋಡಿದರು, ನೀರಿಲ್ಲದೆ ಸೋತರು. ಕೊನೆಗೆ ಎಂಬತ್ತರ ದಶಕದಲ್ಲಿ ಹುಣಸೆಯ ಕೈ ಹಿಡಿದರು. ಹುಣಸೆ ತೋಟ ಎಂದರೆ ಆಗ ಜನ ನಗುತ್ತಿದ್ದರು. ನಮ್ಮಲ್ಲೂ ಹುಣಸೆ ಮರದಲ್ಲಿ ಜಿನ್ನ್ ಇರುತ್ತದೆಂದು ಮಗ್ರಿಬ್ ಆದಮೇಲೆ ಮಕ್ಕಳನ್ನು ಅತ್ತ ಬಿಡದ ಅಜ್ಜಿಯರಿದ್ದಾರೆ! ಮರಗಳು ಬಂದವು, ಹಣ್ಣೂ ಬಂತು, ಆದರೆ ಬೀಜ ಬಿಡಿಸುವ ಕೂಲಿಯೇ ಲಾಭವನ್ನು ತಿನ್ನತೊಡಗಿತು. ಅದಕ್ಕೂ ಅವರೇ ಹುಣಸೆಬೀಜ ಬೇರ್ಪಡಿಸುವ ಯಂತ್ರವನ್ನು ಕಂಡುಹಿಡಿದರು. ಬಿತ್ತುವ ಕೂರಿಗೆ, ಕಬ್ಬು ನಾಟಿಯ ಯಂತ್ರ ಎಂದು ಸಾಲುಸಾಲಾಗಿ ಮಾಡಿದರು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ 2015ರಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು, 2022ರಲ್ಲಿ ಪದ್ಮಶ್ರೀ ಬಂತು. ಅವರ ಮೊದಲ ಆವಿಷ್ಕಾರ ಯಾವುದು ಗೊತ್ತೇ? ಬೆಳಿಗ್ಗೆ ಏಳಲು ಆಗುತ್ತಿಲ್ಲವೆಂದು ಗಡಿಯಾರದ ಕೀಲಿಗೆ ದಾರ ಕಟ್ಟಿ, ಅಲಾರಾಂ ಹೊತ್ತಿಗೆ ಬಾಟಲಿಯ ನೀರು ಮುಖದ ಮೇಲೆ ಸುರಿಯುವಂತೆ ಮಾಡಿಕೊಂಡಿದ್ದರು. ಫಜ್ರ್‌ಗೆ ಏಳದ ನಮ್ಮ ಹಾಸ್ಟೆಲ್ ಹುಡುಗರಿಗೆ ಇದನ್ನು ಹೇಳಿದಾಗ ಅವರಿಗೆ ನಗು, ನನಗೆ ಆಸೆ.

ನೀರು ಹೊತ್ತು ಮರ ಬೆಳೆಸಿದ್ದಕ್ಕೆ ಸಾಲುಮರದ ತಿಮ್ಮಕ್ಕನವರಿಗಿಂತ ದೊಡ್ಡ ಉದಾಹರಣೆ ನಮ್ಮ ನಾಡಿನಲ್ಲಿಲ್ಲ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಗಂಡ ಚಿಕ್ಕಯ್ಯನವರೊಂದಿಗೆ ಕೊಡಗಳಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಅವರು ಬೆಳೆಸಿದ ಆಲಗಳು 385 ಎಂದು ಲೆಕ್ಕ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದ ವರ್ಷವೇ ಆ ಮರಗಳಿಗೆ ರಸ್ತೆ ಅಗಲೀಕರಣದ ಭೀತಿಯೂ ಬಂತು, ಅವರೇ ಸರಕಾರಕ್ಕೆ ಮನವಿ ಮಾಡಬೇಕಾಯಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡರು. ನಮ್ಮ ಕಡೆ ಸಂಕೇಶ್ವರದ ಮೇಲೆ ಹೋಗುವ ಪುಣೆ-ಬೆಂಗಳೂರು ಹೆದ್ದಾರಿ ನಾಲ್ಕು ಪಥವಾದಾಗ ದಾರಿಬದಿಯ ಹಳೆಯ ಮರಗಳಿಗೆ ಅಂಥ ತಾಯಿ ಯಾರೂ ಇರಲಿಲ್ಲ. ರಸ್ತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬಸ್ಸಿಗೆ ಕಾಯುವವರು ಮಾತ್ರ ಈಗ ಅಂಗಡಿಯ ತಗಡಿನ ಕೆಳಗೆ ನಿಲ್ಲುತ್ತಾರೆ. ಹೊಲದ ಬದುಗಳದ್ದೂ ಇದೇ ಕಥೆ. 1977ರಲ್ಲಿ ಹಿಡಕಲ್ ಅಣೆಕಟ್ಟು ಪೂರ್ತಿಯಾಗಿ ಘಟಪ್ರಭೆಯ ನೀರು ಹೊಲಗಳಿಗೆ ಹರಿಯಿತು, ಮನೆಗಳಲ್ಲಿ ನಾಲ್ಕು ಕಾಸು ಕಂಡಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಕಬ್ಬಿಗೆ ನೆರಳು ಬೀಳುತ್ತದೆಂದು ಬದುವಿನ ಮಾವು, ಬೇವುಗಳು ಒಂದೊಂದಾಗಿ ಇಳಿದವು. ಬದುವಿನ ಉತ್ತರ ಅಂಚಿಗೆ ಒಂದು ಸಾಲು ಇಟ್ಟರೆ ಬೆಳೆಗೆ ನೆರಳಿನ ತೊಂದರೆ ಬಹಳ ಕಡಿಮೆ ಎಂಬುದನ್ನು ರೈತ ಸಹೋದರರು ಗಮನಿಸಬೇಕು.

ವುಝೂವಿನ ನೀರು, ಹಿತ್ತಿಲ ಗುಲಾಬಿ

ಜಾಗವೇ ಇಲ್ಲ, ನೀರೇ ಇಲ್ಲ ಎನ್ನುವ ಸಹೋದರಿಯರಿಗೆ ಒಂದು ಲೆಕ್ಕ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಬುಖಾರಿ, ಮುಸ್ಲಿಮ್‌ನಲ್ಲಿದೆ. ಒಂದು ಮುದ್ದ್ ಎಂದರೆ ಹೆಚ್ಚೆಂದರೆ ಮುಕ್ಕಾಲು ಲೀಟರ್. ನಾನೊಮ್ಮೆ ನಮ್ಮ ಮನೆಯ ನಳದ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿದೆ. ಆರು ಲೀಟರ್ ದಾಟಿತು. ನಾಚಿಕೆಯಾಯಿತು. ಅಂದಿನಿಂದ ಮನೆಯಲ್ಲಿ ವುಝೂ ಮಾಡುವ ಜಾಗಕ್ಕೆ ಒಂದು ಪೈಪು ಜೋಡಿಸಿ ನೀರನ್ನು ಹಿತ್ತಿಲಿಗೆ ಬಿಟ್ಟಿದ್ದೇವೆ. ಆ ನೀರಿನಲ್ಲಿ ಸಾಬೂನಿಲ್ಲ, ಉಪ್ಪಿಲ್ಲ. ಐವರು ಐದು ಹೊತ್ತು ಮಾಡಿದ ವುಝೂವಿನ ನೀರಿನಲ್ಲಿ ಒಂದು ಲಿಂಬೆ, ಒಂದು ಕರಿಬೇವು, ಮದರಂಗಿಯ ಬೇಲಿ, ಎರಡು ಪಾತಿ ಮೆಣಸಿನಗಿಡ ಸುಖವಾಗಿ ಬದುಕಿವೆ. ಬಟ್ಟೆ ಒಗೆದ ನೀರನ್ನು ಮಾತ್ರ ಇವಕ್ಕೆ ಬಿಡಬೇಡಿ. ಬೇಕಾದರೆ ಬಾಳೆಗೆ ಹೋಗಲಿ, ಅದು ತಡೆದುಕೊಳ್ಳುತ್ತದೆ. ನುಗ್ಗೆಗೆ ಸಸಿಯೂ ಬೇಡ. ಹೆಬ್ಬೆರಳಿಗಿಂತ ದಪ್ಪದ ಮೂರು ನಾಲ್ಕು ಅಡಿ ಕೊಂಬೆಯನ್ನು ಮಳೆಗಾಲದಲ್ಲಿ ಊರಿದರೆ ಸಾಕು. ಮಸೀದಿಗಳಲ್ಲಿ ದಿನಕ್ಕೆ ಎಷ್ಟು ನೂರು ಜನ ವುಝೂ ಮಾಡುತ್ತಾರೆಂದು ಲೆಕ್ಕ ಹಾಕಿ, ಆ ನೀರೆಲ್ಲ ಚರಂಡಿಗೆ ಹೋಗುತ್ತಿದೆ ಎಂಬುದನ್ನೂ ಯೋಚಿಸಿ.

ಈಗ ಗುಲಾಬಿಯ ಮಾತು. ನಮ್ಮ ಮನೆಯವರು ತಮ್ಮ ತವರಿನಿಂದ ದೇಸಿ ಗುಲಾಬಿಯ ಒಂದು ಕಡ್ಡಿ ತಂದು ಊರಿದರು. ತಿಳಿ ಗುಲಾಬಿ ಬಣ್ಣ, ಸಣ್ಣ ಹೂವು, ಒಂದು ದಿನದಲ್ಲಿ ಉದುರಿ ಹೋಗುತ್ತದೆ. ಆದರೆ ಒಂದು ಹೂ ಅರಳಿದರೆ ಹಿತ್ತಿಲೆಲ್ಲ ಘಮ. ನರ್ಸರಿಯ ದೊಡ್ಡ ಹೂವಿನ ಗುಲಾಬಿಗೆ ನೋಟವಿದೆ, ವಾಸನೆ ಅಷ್ಟಕ್ಕಷ್ಟೆ. ಹೂವಿನಕೇರಿಯಿಂದ ಬಿಜಾಪುರಕ್ಕೆ ಹೋಗುತ್ತಿದ್ದದ್ದು ಇಂಥ ವಾಸನೆಯ ಹೂವೇ ಇದ್ದಿರಬೇಕೆಂದು ಅವರ ವಾದ. ನಾನು ಒಪ್ಪಿಕೊಂಡಿದ್ದೇನೆ, ಇತಿಹಾಸಕಾರರ ಸಾಕ್ಷಿ ಕೇಳುವ ಧೈರ್ಯ ನನಗಿಲ್ಲ.

ಪೆನ್ಸಿಲ್ ದಪ್ಪದ, ಆರೆಂಟು ಇಂಚಿನ ಬಲಿತ ಕಡ್ಡಿಯನ್ನು ಕಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮಳೆಗಾಲದಲ್ಲಿ ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧ ಮುಳುಗುವಂತೆ ಊರಿ ನೆರಳಿನಲ್ಲಿಡಬೇಕು. ಚಿಗುರು ಕಂಡಿತೆಂದು ಎಳೆದು ನೋಡಬಾರದು, ಚಿಗುರಿನ ನಂತರವೇ ಬೇರು ಬರುವುದುಂಟು. ಗಿಡ ದೊಡ್ಡದಾದ ಮೇಲೆ ಮಳೆ ನಿಂತ ನಂತರ, ಅಕ್ಟೋಬರ್ ಹೊತ್ತಿಗೆ ಒಣಗಿದ, ಒಂದಕ್ಕೊಂದು ತಾಗುವ ಕೊಂಬೆಗಳನ್ನು ಸವರಿ ಬುಡಕ್ಕೆ ಗೊಬ್ಬರ ಕೊಟ್ಟರೆ ಚಳಿಗಾಲದಲ್ಲಿ ತುಂಬ ಹೂ ಬಿಡುತ್ತದೆ. ಕಸಿ ಗುಲಾಬಿಯಾದರೆ ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕೂಡಲೇ ಕೀಳಬೇಕು. ಅದು ಕಾಡುಗುಲಾಬಿಯದು, ಬಿಟ್ಟರೆ ಮೇಲಿನ ಗಿಡವನ್ನೇ ತಿಂದುಹಾಕುತ್ತದೆ. ನೆರೆಯವರ ಗುಲಾಬಿ ಕೆಂಪಿದ್ದದ್ದು ಎರಡು ವರ್ಷದಲ್ಲಿ ಮುಳ್ಳುಪೊದೆಯಾಯಿತೆಂದು ಗಾಬರಿಯಾಗುವುದು ಇದಕ್ಕೇ. ನಮ್ಮ ಮನೆಯವರು ಈವರೆಗೆ ಓಣಿಯ ಹನ್ನೊಂದು ಮನೆಗಳಿಗೆ ಕಡ್ಡಿ ಕೊಟ್ಟಿದ್ದಾರೆ. ಅದರಲ್ಲಿ ಒಂದು ಹೂಗಾರರ ಮನೆ.

ಮಸೀದಿಯ ಅಂಗಳದ ಕಥೆ ಬಾಕಿ ಉಳಿಯಿತು. 2012ರಲ್ಲಿ ಕಮಿಟಿಯ ಒಪ್ಪಿಗೆ ಪಡೆದು ನಾಲ್ಕು ಫರಸಿ ಕಿತ್ತು, ಹೌಜ್‌ನಿಂದ ದೂರದಲ್ಲಿ ಒಂದು ಗುಂಡಿ ತೋಡಿದೆವು. ಬೇವಿನ ಸಸಿಯನ್ನು ಚಾಚಾರ ಕೈಯಿಂದಲೇ ಇಡಿಸಿದೆವು. ಅದಾಗಿ ಎರಡು ವರ್ಷಕ್ಕೆ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಖಬರಸ್ತಾನದಲ್ಲಿ ಅವರಿರುವುದು ಹತ್ತೊಂಬತ್ತು ಗಿಡಗಳಲ್ಲಿ ಒಂದು ಹೊಂಗೆಯ ಹತ್ತಿರ. ಮಸೀದಿಯ ಬೇವು ಈಗ ದೊಡ್ಡದಾಗಿದೆ, ಜುಮಾ ದಿನ ಎರಡು ಸಫ್ ಅದರ ನೆರಳಿನಲ್ಲಿ ನಿಲ್ಲುತ್ತವೆ. ಕಳೆದ ಮಾರ್ಚ್‌ನ ಕಮಿಟಿ ಸಭೆಯಲ್ಲಿ ಹೊಸದಾಗಿ ಸೇರಿದ ಸದಸ್ಯರೊಬ್ಬರು, “ಎಲಿ ಭಾಳ ಉದುರ್ತಾವ್ರೀ, ಏನರ ಮಾಡಬೇಕು” ಎಂದರು. ಠರಾವು ಪುಸ್ತಕ ಈಗಲೂ ನನ್ನ ಬಳಿಯೇ ಇದೆ. ಪೆನ್ನಿನ ಮುಚ್ಚಳ ತೆಗೆಯದೆ ಎದ್ದುಹೋಗಿ, ಪೇಟೆಯಿಂದ ಎರಡು ಕಸಬರಿಗೆ ತಂದು ಮೂಲೆಯಲ್ಲಿಟ್ಟೆ. ಪುಸ್ತಕದ ಆ ಪುಟದಲ್ಲಿ ಎಲೆಯ ವಿಷಯ ಬರೆದಿಲ್ಲ, ಕಸಬರಿಗೆಯ ರಸೀದಿ ಅಂಟಿಸಿದೆ.